ಕಾಣದ ಮೃಗದ ಬೇಟೆ

ಬೇಟೆಯ ಕಥೆ ಬೇಡವೆನ್ನುವ ಕಿವಿಯು ಲೋಕದಲ್ಲಿ ವಿರಳವೆಂದೇ ಹೇಳಬೇಕು. ಅದರಲ್ಲಿಯೂ ಬೇಟೆಗೆ ಗುರಿಯಾದ ಮೃಗವು ಯಾವ ಜಾತಿಯದೆಂದು ಒಬ್ಬರಿಗೂ ನಿಶ್ಚಯವಾಗಿ ತಿಳಿಯದೆ, ಹತ್ತಿರದಿಂದ ಕಂಡವರು ಬದುಕಿ ಉಳಿಯದೆ, ಬದುಕಿ ಉಳಿದವರು ಒಬ್ಬೊಬ್ಬರು ಒಂದೊಂದು ಬಗೆಯಾಗಿ ಅದನ್ನು ವರ್ಣಿಸುತ್ತಿದ್ದರೆ, ಕಥೆಯ ರುಚಿಯು ಇಮ್ಮಡಿಯಾಗುವುದು. ಇದರೊಡನೆ ಹಳೆಯ ಕಾಲದ ಉಡುಪು, ಕುದುರೆಗಳು, ಕತ್ತಿ, ಮಂಜು ಮುಸುಕಿದ ಬೆಟ್ಟ, ಪಂಜಿನ ಬೆಳಕು ಇವೆಲ್ಲ ಕೂಡಿಬಂದವೆಂದರೆ ಚಿತ್ರಮಂದಿರದಲ್ಲಿ ಕುಳಿತವರು ತಮಗೆ ತಿಳಿಯದಂತೆಯೇ ಆಸನದ ಅಂಚಿಗೆ ಸರಿದುಕೊಳ್ಳುವರು. ನಾನೂ ಅಂತಹವರಲ್ಲಿ ಒಬ್ಬಳು. ಈ ವಯಸ್ಸಿನಲ್ಲಿಯೂ ಅಂತಹ ಚಿತ್ರವೊಂದು ದೊರೆತರೆ ಕೈಯಲ್ಲಿದ್ದ ಹೊಲಿಗೆಯನ್ನು ಬದಿಗಿಟ್ಟು ಕಡೆಯವರೆಗೂ ನೋಡುವ ಅಭ್ಯಾಸವುಳ್ಳವಳು.

ಹೆಣ್ಣುಮಕ್ಕಳ ಮಿಶನ್ ಹೈಸ್ಕೂಲಿನ ಸ್ಮರಣ ಸಂಚಿಕೆಯಲ್ಲಿ ಇಂತಹ ಭಯಾನಕ ಚಿತ್ರಗಳ ಮಾತು ಏತಕ್ಕೆಂದು ಹಿರಿಯರಾದ ಕೆಲವರು ಹುಬ್ಬೇರಿಸಬಹುದು. ಅವರಲ್ಲಿ ನನ್ನ ಬಿನ್ನಹವಿಷ್ಟೆ: ಈ ಸಂಚಿಕೆಯನ್ನು ಓದುವ ವಯಸ್ಸಿನ ಹುಡುಗಿಯರಿಗೆ ಆ ಕಥೆಯಲ್ಲಿ ದೊಡ್ಡ ಪಾಲಿದೆ. ಚಿತ್ರ ತೆಗೆಯುವವರು ಆ ಪಾಲನ್ನು ಅವರಿಗೆ ಕೊಡದೆ ಬಿಟ್ಟಿರುವುದರಿಂದಲೇ ನಾನು ಲೇಖನಿಯನ್ನು ಹಿಡಿದಿರುವೆನು.

೨೦೦೧ನೆಯ ಇಸವಿಯಲ್ಲಿ ಫ್ರಾನ್ಸ್ ದೇಶದಲ್ಲಿ ‘ಲ ಪಾಕ್ತ್ ದೆ ಲೂ’ ಎಂಬ ಚಿತ್ರವು ತೆರೆಗೆ ಬಂದಿತು. ತೋಳಗಳ ಒಡಂಬಡಿಕೆ ಎಂದು ಆ ಹೆಸರಿನ ಅರ್ಥ. ಇಂಗ್ಲಿಷಿನಲ್ಲಿ ಅದನ್ನು ‘ಬ್ರದರ್‌ಹುಡ್ ಆಫ್ ದಿ ವುಲ್ಫ್’ ಎಂದು ಕರೆದರು. ನಿರ್ದೇಶಕನು ಕ್ರಿಸ್ತೋಫ್ ಗಾನ್ಸ್. ಹದಿನೈದನೆಯ ಲೂಯಿ ದೊರೆಯ ಕಾಲದಲ್ಲಿ ಜೆವೊದಾನ್ ಎಂಬ ಬೆಟ್ಟದ ಸೀಮೆಯಲ್ಲಿ ಒಂದು ಮೃಗವು ಹೆಂಗಸರನ್ನೂ ಮಕ್ಕಳನ್ನೂ ಕೊಲ್ಲುತ್ತಿದೆ. ಅದು ಏನೆಂದು ಕಂಡುಹಿಡಿಯುವುದಕ್ಕಾಗಿ ದೊರೆಯು ಫ್ರೊನ್ಸಾಕ್ ಎಂಬ ಪ್ರಕೃತಿಶಾಸ್ತ್ರಜ್ಞನನ್ನು ಕಳುಹಿಸುವನು. ಅವನೊಡನೆ ಉತ್ತರ ಅಮೇರಿಕದ ಇರೊಕ್ವಾ ಜನಾಂಗದ ಮಾನಿ ಎಂಬ ಮಿತಭಾಷಿಯಾದ ಯೋಧನು ಬರುವನು. ಮಳೆ ಸುರಿಯುತ್ತಿರುವಾಗ ಕೆಸರಿನಲ್ಲಿ ಈ ಮಾನಿಯು ಕೋಲಿನಿಂದಲೂ ಕಾಲಿನಿಂದಲೂ ಒಂದು ಗುಂಪಿನೊಡನೆ ಕಾದಾಡುವ ಆರಂಭದ ನೋಟವನ್ನು ಕಂಡವರು ಮರೆಯಲಾರರು. ಹದಿನೆಂಟನೆಯ ಶತಮಾನದ ಫ್ರಾನ್ಸಿನಲ್ಲಿ ಪೂರ್ವದೇಶದ ಮಲ್ಲವಿದ್ಯೆಯು ಎಲ್ಲಿಂದ ಬಂತೆಂದು ಚರಿತ್ರೆಯ ಅಧ್ಯಾಪಕಿಯಾದವಳು ಕೇಳಬೇಕಾದ ಪ್ರಶ್ನೆಯನ್ನು ನಾನು ಕೇಳುವುದಿಲ್ಲ. ನೋಡುವಾಗ ಕೇಳಬೇಕೆಂದೂ ತೋರುವುದಿಲ್ಲ. ಚಿತ್ರದಲ್ಲಿ ರಕ್ತವೂ ಸಭ್ಯತೆಯನ್ನು ಮೀರಿದ ನೋಟಗಳೂ ಉಂಟಾದುದರಿಂದ ಬಾಲಿಕೆಯರಿಗೆ ತೋರಿಸತಕ್ಕದ್ದಲ್ಲವೆಂಬ ಒಂದು ಎಚ್ಚರಿಕೆಯನ್ನು ಮಾತ್ರ ಹೇಳಿ ಮುಂದೆ ಹೋಗುವೆನು.

ಇಂತಹ ಚಿತ್ರಗಳ ಸೊಗಸು ಎಲ್ಲಿರುವುದೆಂದು ನಾನು ಬಹಳ ಸಲ ಯೋಚಿಸಿದ್ದೇನೆ. ನನಗೆ ತೋರುವ ಮಟ್ಟಿಗೆ, ಸೊಗಸೆಲ್ಲವೂ ಮೃಗವು ಕಾಣಿಸಿಕೊಳ್ಳುವುದಕ್ಕೆ ಮುಂಚೆ ಇರುವುದು. ಹುಲ್ಲು ಅಲುಗುವುದು. ಕುದುರೆಯು ಕಿವಿ ನಿಮಿರಿಸಿ ನಿಂತುಬಿಡುವುದು. ಹಳ್ಳಿಯವರು ಮಾತಿನ ನಡುವೆ ಸುಮ್ಮನಾಗುವರು. ಗಾಯದ ಅಗಲವನ್ನು ಅಳೆದ ಪಂಡಿತನು ಮುಖವನ್ನು ಗಂಟಿಕ್ಕಿ, ಇದು ತೋಳದ ಹಲ್ಲಲ್ಲ ಎನ್ನುವನು. ಈ ಒಂದೊಂದು ಗುರುತೂ ನಮ್ಮ ಮನಸ್ಸಿನೊಳಗೆ ಒಂದೊಂದು ಅಂಗವನ್ನು ಜೋಡಿಸುತ್ತ ಹೋಗುವುದರಿಂದ, ಪ್ರತಿಯೊಬ್ಬ ಪ್ರೇಕ್ಷಕನೂ ತನ್ನ ತನ್ನ ಭಯಕ್ಕೆ ತಕ್ಕ ಮೃಗವನ್ನು ತಾನೇ ಮಾಡಿಕೊಳ್ಳುವನು. ಗಾನ್ಸನು ಈ ಗುಟ್ಟನ್ನು ಬಲ್ಲವನಾಗಿ ಬಹಳ ಹೊತ್ತಿನವರೆಗೂ ಮೃಗವನ್ನು ಪೂರ್ಣವಾಗಿ ತೋರಿಸದೆ ನಮ್ಮನ್ನು ಕಾಯಿಸುತ್ತಾನೆ. ಕಡೆಗೆ ಅದು ಎದುರಿಗೆ ಬಂದು ನಿಂತಾಗ, ನುರಿತ ಶಿಲ್ಪಿಗಳು ಅದನ್ನು ಎಷ್ಟೇ ಕೌಶಲದಿಂದ ಮಾಡಿದ್ದರೂ, ‘ಇಷ್ಟೇಯೋ?’ ಎಂದು ಮನಸ್ಸು ಕೊಂಚ ಕುಗ್ಗುವುದು. ಯಾವ ಗೊಂಬೆಯು ತಾನೇ ನಾವು ಕತ್ತಲೆಯಲ್ಲಿ ಕಲ್ಪಿಸಿಕೊಂಡ ಮೃಗಕ್ಕೆ ಸರಿದೂಗೀತು?

ಇನ್ನೊಂದು ಸೊಗಸೂ ಉಂಟು. ಇದು ಸ್ವಲ್ಪ ಆಳವಾದುದು. ಚಿತ್ರದ ಕೊನೆಯಲ್ಲಿ ಮೃಗಕ್ಕೆ ಒಡೆಯನೊಬ್ಬನಿರುವನೆಂದು ತಿಳಿದುಬರುವುದು. ಆಫ್ರಿಕದಿಂದ ತಂದ ಒಂದು ಕ್ರೂರಪ್ರಾಣಿಗೆ ಕವಚವನ್ನು ತೊಡಿಸಿ ಕೊಲೆಗೆ ಪಳಗಿಸಿದವನು ಒಬ್ಬ ಕುಲೀನ ಮನೆತನದವನು. ಅವನ ಬೆನ್ನ ಹಿಂದೆ ಜನರನ್ನು ಹೆದರಿಸಿ ದೊರೆಯ ಮೇಲಿನ ವಿಶ್ವಾಸವನ್ನು ಕೆಡಿಸಬೇಕೆಂದಿರುವ ಒಂದು ಗುಪ್ತಮಂಡಲಿ. ಅದರ ಮುಖಂಡನು ಒಬ್ಬ ಪಾದ್ರಿ! ಒಡೆಯನನ್ನು ಕಂಡುಹಿಡಿದು ಇರಿದರೆ ಅನರ್ಥವು ಮುಗಿಯಿತು. ಕೇಡಿಗೆ ಒಂದು ಮುಖ, ಮುಖಕ್ಕೆ ಒಂದು ಹೆಸರು, ಹೆಸರಿಗೆ ಒಂದು ಶಿಕ್ಷೆ. ನಾವು ಟಿಕೆಟ್ಟಿಗೆ ಹಣ ಕೊಟ್ಟು ಕೊಳ್ಳುವುದು ಈ ಸಮಾಧಾನವನ್ನೇ ಎಂದು ನನಗೆ ತೋರುವುದು. ಬಾಳಿನಲ್ಲಿ ಅದು ದೊರೆಯುವುದು ಅಪರೂಪವಾದುದರಿಂದ ಅದಕ್ಕೆ ಬೆಲೆಯೂ ಹೆಚ್ಚು.

ಜೆವೊದಾನಿನ ಮೃಗವು ಕಲ್ಪನೆಯಲ್ಲವೆಂಬುದನ್ನು ಚಿತ್ರವನ್ನು ಕಂಡ ಬಹುಮಂದಿ ಅರಿಯರು. ಆ ಸೀಮೆಯು ಫ್ರಾನ್ಸಿನ ದಕ್ಷಿಣಭಾಗದ ನಡುಬೆಟ್ಟಗಳಲ್ಲಿದೆ. ಇಂದಿನ ಲೊಜೇರ್ ಜಿಲ್ಲೆಯು ಬಹುಮಟ್ಟಿಗೆ ಅದೇ. ಕಲ್ಲುನೆಲ, ಕಾಡು, ಜೌಗು, ಆರು ತಿಂಗಳ ಚಳಿ. ‘ಟ್ರೆಷರ್ ಐಲೆಂಡ್’ ಬರೆದ ಸ್ಟೀವನ್‌ಸನ್ನನು ೧೮೭೮ರಲ್ಲಿ ಒಂದು ಕತ್ತೆಯನ್ನು ಜೊತೆಗಿಟ್ಟುಕೊಂಡು ನಡೆದುಹೋದದ್ದು ಈ ದಾರಿಯಲ್ಲಿಯೇ. ತನ್ನ ಪ್ರವಾಸದ ಪುಸ್ತಕದಲ್ಲಿ ಅವನು ಈ ಮೃಗವನ್ನು ನೆನೆಸಿಕೊಂಡಿದ್ದಾನೆ. ಅಲ್ಲಿ ೧೭೬೪ನೆಯ ಬೇಸಗೆಯಿಂದ ೧೭೬೭ನೆಯ ಜೂನ್ ತಿಂಗಳವರೆಗೆ ಮೂರು ವರ್ಷಗಳ ಕಾಲ, ಹೆಚ್ಚು ಕಡಿಮೆ ನೂರು ಮಂದಿ, ಒಂದು ಮೃಗದ ಅಥವಾ ಹಲವು ಮೃಗಗಳ ಬಾಯಿಗೆ ತುತ್ತಾದರು. ಲೆಕ್ಕವು ಬರೆದವರಿಂದ ಬರೆದವರಿಗೆ ಭೇದವಾಗುವುದು. ಆದರೆ ಒಂದು ವಿಷಯದಲ್ಲಿ ಎಲ್ಲರೂ ಏಕಾಭಿಪ್ರಾಯವುಳ್ಳವರು: ಸತ್ತವರಲ್ಲಿ ಬಹುಪಾಲು ಹೆಂಗಸರು ಮತ್ತು ಮಕ್ಕಳು, ಅವರಲ್ಲಿಯೂ ದನಕುರಿಗಳನ್ನು ಮೇಯಿಸಲು ಹೋದವರೇ ಹೆಚ್ಚು.

ಲೆಕ್ಕಕ್ಕೆ ಬಂದ ಮೊದಲನೆಯ ಬಲಿಯು ಜಾನ್ ಬೂಲೆ ಎಂಬ ಹುಡುಗಿ. ವಯಸ್ಸು ೧೪, ಎಂದರೆ ನಮ್ಮಲ್ಲಿ ಒಂಬತ್ತನೆಯ ತರಗತಿಯಲ್ಲಿ ಕುಳಿತಿರಬೇಕಾದವಳು. ೧೭೬೪ನೆಯ ಜೂನ್ ೩೦ರಂದು ಅವಳು ಸತ್ತಳು. ಅವಳ ಊರಿನ ಪಾದ್ರಿಯು ಮರುದಿನ ದೇವಾಲಯದ ದಫ್ತರದಲ್ಲಿ ಅವಳನ್ನು ಹೂಳಿದ ಸಂಗತಿಯನ್ನು ಬರೆಯುವಾಗ, ‘ಒಂದು ಮೃಗ’ ಎಂದು ಬರೆಯದೆ, ಎಲ್ಲರಿಗೂ ಗೊತ್ತಿದ್ದ ಒಂದನ್ನು ಹೇಳುವಂತೆ ‘ಆ ಕ್ರೂರಮೃಗ’ ಎಂದು ಬರೆದಿಟ್ಟನು. ಈ ಒಂದು ಸಣ್ಣ ಶಬ್ದವನ್ನು ತಿಳಿದಾಗ ನನಗೆ ಯಾವ ಚಿತ್ರದಲ್ಲಿಯೂ ಬಾರದ ನಡುಕವು ಬಂದಿತು. ಮೊದಲನೆಯವಳೆಂದು ನಾವು ಎಣಿಸುವವಳು ಸಾಯುವಾಗಲೇ ಆ ಬೆಟ್ಟದವರ ಬಾಯಲ್ಲಿ ಅದು ಹಳೆಯ ಮಾತಾಗಿತ್ತು! ಹಾಗಾದರೆ ಅದಕ್ಕೆ ಮುಂಚಿನವರು ಯಾರು? ಅವರ ಲೆಕ್ಕವನ್ನು ಬರೆದಿಟ್ಟವರು ಯಾರು?

ಚಿತ್ರದಲ್ಲಿ ಈ ಹುಡುಗಿಯರು ಬಂಡೆಗಳ ನಡುವೆ ಓಡುತ್ತ ಚೀರುವರು, ಚೀರಿ ಸಾಯುವರು. ಕಥೆಯನ್ನು ಮುಂದೂಡುವುದಕ್ಕೆ ಅಷ್ಟರಿಂದ ಸಾಕಾಗುವುದು. ಆದರೆ ಅವರು ಅಲ್ಲಿಗೆ ಹೋದುದೇಕೆ? ಬೆಟ್ಟದ ಬಡವರಿಗೆ ದನವೇ ಬದುಕು. ದನಕ್ಕೆ ಮೇವೇ ಬದುಕು. ಗಂಡಸರು ಹೊಲದ ಕೆಲಸದಲ್ಲಿರುವಾಗ ಹೊಲಕ್ಕೆ ಪ್ರಯೋಜನವಿಲ್ಲದ ಕೈಗಳು ದನದ ಹಿಂದೆ ಹೋಗಬೇಕು. ಆ ಕೈಗಳು ಹುಡುಗಿಯರವು, ಸಣ್ಣ ಹುಡುಗರವು. ಬೇಟೆಯಾಡುವುದು ಕುಲೀನರ ಹಕ್ಕಾಗಿದ್ದ ಕಾಲವಾದುದರಿಂದ ಸಾಮಾನ್ಯರ ಮನೆಯಲ್ಲಿ ಕೋವಿಯಿರುವುದು ಅಪರೂಪ. ಕೋಲೊಂದರ ತುದಿಗೆ ಕಬ್ಬಿಣದ ಅಲಗನ್ನು ಕಟ್ಟಿ ಮಗುವಿನ ಕೈಗೆ ಕೊಡುವುದೇ ಅವರು ಮಾಡಬಲ್ಲ ರಕ್ಷಣೆಯಾಗಿತ್ತು.

ಇದು ಜೆವೊದಾನಿಗೆ ಮಾತ್ರ ಸೇರಿದ ದುರವಸ್ಥೆಯಲ್ಲ. ಜಾಂ-ಮಾರ್ಕ್ ಮೊರಿಸೋ ಎಂಬ ಇತಿಹಾಸಕಾರನು ಹಳೆಯ ದೇವಾಲಯಗಳ ಮರಣದ ದಫ್ತರಗಳೇ ಮೊದಲಾದ ಕಾಗದಗಳನ್ನು ಶೋಧಿಸಿ, ಫ್ರಾನ್ಸಿನಲ್ಲಿ ಹದಿನೈದನೆಯ ಶತಮಾನದಿಂದೀಚೆಗೆ ತೋಳಗಳು ಮನುಷ್ಯರ ಮೇಲೆ ಬಿದ್ದ ಸುಮಾರು ಮೂರು ಸಾವಿರ ಪ್ರಸಂಗಗಳನ್ನು ಒಟ್ಟುಗೂಡಿಸಿ ೨೦೦೭ರಲ್ಲಿ ಪ್ರಕಟಿಸಿದನು. ಅಲ್ಲಿಯೂ ದನಗಾಹಿ ಮಕ್ಕಳೇ ಎದ್ದು ಕಾಣುವರು. ಜೆವೊದಾನಿನ ಮೃಗವು ಲೋಕಪ್ರಸಿದ್ಧವಾದದ್ದು ಅದು ಕೊಂದುದರಿಂದ ಮಾತ್ರವಲ್ಲ, ಪತ್ರಿಕೆಗಳಿಂದ. ಏಳು ವರ್ಷಗಳ ಯುದ್ಧವು ೧೭೬೩ರಲ್ಲಿ ಮುಗಿದು, ಫ್ರೆಂಚರು ಕೆನಡಾದಲ್ಲಿಯೂ ನಮ್ಮ ಹಿಂದೂಸ್ಥಾನದಲ್ಲಿಯೂ ಸೋತು ಕೈ ಬರಿದು ಮಾಡಿಕೊಂಡಿದ್ದರು. ಪತ್ರಿಕೆಗಳಿಗೆ ಬರೆಯಲು ಸುದ್ದಿಯಿರಲಿಲ್ಲ. ಆವಿನ್ಯೋನಿನ ಪತ್ರಿಕೆಯೊಂದು ಮೃಗದ ವಾರ್ತೆಯನ್ನು ವಾರವಾರವೂ ಉಣಬಡಿಸತೊಡಗಿತು, ಮಿಕ್ಕವು ಹಿಂಬಾಲಿಸಿದವು. ಮರದಚ್ಚಿನ ಚಿತ್ರಗಳು ಬೀದಿಯಲ್ಲಿ ಮಾರಾಟವಾದವು. ಒಂದರಲ್ಲಿ ಅದು ಕತ್ತೆಕಿರುಬ, ಇನ್ನೊಂದರಲ್ಲಿ ಹೆಸರಿಲ್ಲದ ಯಾವುದೋ ಭೂತ. ಪರರ ಮಕ್ಕಳನ್ನು ತಿನ್ನುವ ಮೃಗದ ಕಥೆಯನ್ನು ಬೆಚ್ಚಗೆ ಕುಳಿತು ಸವಿಯುವುದು ಸಿನಿಮಾದಿಂದ ಆರಂಭವಾದುದಲ್ಲ. ಆ ಮಕ್ಕಳ ಮಣ್ಣು ಆರುವುದಕ್ಕೆ ಮುಂಚೆಯೇ ಆರಂಭವಾಗಿತ್ತು. ನಾನು ಹೊಲಿಗೆಯನ್ನು ಬದಿಗಿಡುವುದೂ ಆ ಸರಪಳಿಯ ಒಂದು ಕೊಂಡಿಯೇ ಸರಿ. ಆದರೂ ಬದಿಗಿಡುವುದನ್ನು ಬಿಡಲಾರೆ.

ಬೇಟೆಯ ಭಾಗವನ್ನು ಬೇಗನೆ ಹೇಳಿಬಿಡುವೆನು. ಅದು ಚಿತ್ರಗಳಿಗೆ ಪ್ರಿಯವಾದ ಭಾಗ, ಎಲ್ಲರೂ ಬಲ್ಲರು. ಮೊದಲು ದ್ಯುಅಮೆಲ್ ಎಂಬ ದಳಪತಿಯು ಸವಾರರೊಡನೆ ಬಂದನು. ಮೃಗವು ಹೆಂಗಸರನ್ನೇ ಹುಡುಕುವುದೆಂದು ತಿಳಿದು ಕೆಲವರು ಸಿಪಾಯಿಗಳಿಗೆ ಸ್ತ್ರೀವೇಷವನ್ನು ತೊಡಿಸಿದನು, ಮೃಗವು ಮೋಸಹೋಗಲಿಲ್ಲ. ೧೭೬೫ನೆಯ ಫೆಬ್ರವರಿ ೭ರಂದು ಸುಮಾರು ಇಪ್ಪತ್ತು ಸಾವಿರ ಜನರನ್ನು ಕೂಡಿಸಿ ಹಿಮದಲ್ಲಿ ಸೋವು ಹಾಕಿದರು, ಪ್ರಯೋಜನವಾಗಲಿಲ್ಲ. ದೊರೆಯು ಆರು ಸಾವಿರ ಲಿವ್ರುಗಳ ಬಹುಮಾನವನ್ನು ಸಾರಿದನು. ೧,೨೦೦ ತೋಳಗಳನ್ನು ಕೊಂದವನೆಂದು ಖ್ಯಾತಿವೆತ್ತ ದೆನ್ನೆವಾಲನು ನಾರ್ಮಂಡಿಯಿಂದ ಮಗನೊಡನೆ ಬಂದು ಬರಿಗೈಯಲ್ಲಿ ಹಿಂದಿರುಗಿದನು. ಬಳಿಕ ದೊರೆಯ ಕೋವಿಯನ್ನು ನೋಡಿಕೊಳ್ಳುವ ಫ್ರಾಂಸ್ವಾ ಆಂತ್ವಾನನು ಬಂದು, ಅದೇ ವರ್ಷದ ಸೆಪ್ಟೆಂಬರಿನಲ್ಲಿ ಶಾಜ್ ಎಂಬ ಕನ್ಯಾಮಠದ ಕಾಡಿನಲ್ಲಿ ಒಂದು ಭಾರಿಯಾದ ತೋಳವನ್ನು ಹೊಡೆದನು. ಅದಕ್ಕೆ ಹುಲ್ಲು ತುಂಬಿ ವೆರ್ಸಾಯಿಯ ಅರಮನೆಯಲ್ಲಿ ರಾಣಿಯ ಹೊರಕೋಣೆಯಲ್ಲಿ ಇಟ್ಟರು. ಇಂಗ್ಲೆಂಡಿನಿಂದ ಬಂದಿದ್ದ ಹೊರೇಸ್ ವಾಲ್ಪೋಲನೂ ಅದನ್ನು ಕಂಡು ಪತ್ರದಲ್ಲಿ ನಗೆಯಾಡಿದನು. ತೋಳ ಹಳ್ಳಕ್ಕೆ ಬಿದ್ದರೆ ಆಳಿಗೊಂದು ಕಲ್ಲು ಎಂಬಂತೆ ಅರಮನೆಯವರೆಲ್ಲರೂ ಆ ಸತ್ತ ತೋಳದ ಮುಂದೆ ಶೂರರಾದರು.

ಆದರೆ ಅದೇ ಡಿಸೆಂಬರಿನಲ್ಲಿ ಮಕ್ಕಳು ಮತ್ತೆ ಸಾಯತೊಡಗಿದರು. ಚಿತ್ರವು ಈ ಭಾಗವನ್ನು ಬಿಡದೆ ಎತ್ತಿಕೊಂಡಿರುವುದು, ಮೆಚ್ಚತಕ್ಕ ಮಾತು. ಅರಮನೆಯ ಪಾಲಿಗೆ ಮೃಗವು ಸತ್ತಾಗಿತ್ತು. ಸತ್ತ ಮೃಗವು ಕೊಲ್ಲುವುದೆಂತು? ದಳಪತಿಗಳು ಬರಲಿಲ್ಲ, ಬಹುಮಾನವಿಲ್ಲ, ಪತ್ರಿಕೆಗಳು ಸುಮ್ಮನಾದವು. ಇನ್ನೂ ಒಂದೂವರೆ ವರ್ಷ ಬೆಟ್ಟದವರು ತಮ್ಮ ಪಾಡಿಗೆ ತಾವು ಹೆಣಗಳನ್ನು ಹೂಳಿದರು. ೧೭೬೭ನೆಯ ಜೂನ್ ೧೯ರಂದು, ಆ ಸೀಮೆಯ ಕುಲೀನನೊಬ್ಬನು ತನ್ನ ಖರ್ಚಿನಿಂದ ಏರ್ಪಡಿಸಿದ ಬೇಟೆಯಲ್ಲಿ, ಜಾಂ ಶಾಸ್ತೆಲ್ ಎಂಬ ಹಳ್ಳಿಗನು ಒಂದು ಮೃಗವನ್ನು ಹೊಡೆದು ಕೆಡವಿದನು. ಅಲ್ಲಿಗೆ ಕೊಲೆಗಳು ನಿಂತವು. ನೋಟರಿಯೊಬ್ಬನು ಅದರ ದೇಹವನ್ನು ಅಳೆದು, ಹಲ್ಲುಗಳನ್ನು ಎಣಿಸಿ ಬರೆದಿಟ್ಟ ವರದಿಯು ೧೯೫೮ರಲ್ಲಿ ದೊರೆಯಿತು. ಅದನ್ನು ಓದಿದವರು ಅದು ತೋಳ ಅಥವಾ ನಾಯಿಯ ಕುಲಕ್ಕೆ ಸೇರಿದ್ದೆಂದು ಹೇಳುವರು. ಶಾಸ್ತೆಲನು ದೇವಮಾತೆಯ ಬೆಳ್ಳಿಯ ಪದಕಗಳನ್ನು ಕರಗಿಸಿ ಗುಂಡು ಮಾಡಿದನೆಂಬ ಪ್ರಸಿದ್ಧವಾದ ಮಾತು ಬಹಳ ಕಾಲದ ಮೇಲೆ ಕಥೆಗಾರರು ಸೇರಿಸಿದ ಒಗ್ಗರಣೆ. ಕವಚವೂ ಇರಲಿಲ್ಲ, ಒಡೆಯನೂ ಇರಲಿಲ್ಲವೆಂದೇ ಹೇಳಬೇಕು. ಹಸಿದ ಮೃಗಗಳಿದ್ದವು, ಅವುಗಳ ಹಾದಿಯಲ್ಲಿ ದಿಕ್ಕಿಲ್ಲದ ಮಕ್ಕಳಿದ್ದರು.

ಒಡೆಯನಿಲ್ಲದ ಕೇಡನ್ನು ಸಹಿಸುವುದು ಮನುಷ್ಯನಿಗೆ ಬಲು ಕಷ್ಟ. ಆದುದರಿಂದ ಆ ಕಾಲದವರೂ ಒಬ್ಬ ಅಪರಾಧಿಯನ್ನು ಹುಡುಕಿಕೊಂಡರು. ಮಾಂದ್ ಪಟ್ಟಣದ ಬಿಷಪರು ೧೭೬೪ನೆಯ ಡಿಸೆಂಬರ್ ೩೧ರಂದು ತಮ್ಮ ಸಭೆಗಳಿಗೆಲ್ಲ ಒಂದು ಪತ್ರವನ್ನು ಕಳುಹಿಸಿ, ನಾಲ್ವತ್ತು ಗಂಟೆಗಳ ಪ್ರಾರ್ಥನೆಯನ್ನು ವಿಧಿಸಿದರು. ಮೃಗವು ಜನರ ಪಾಪಗಳಿಗಾಗಿ ದೇವರು ಬೀಸಿದ ಚಾಟಿಯೆಂದು ಅದರ ತಾತ್ಪರ್ಯ. ಅಷ್ಟಕ್ಕೇ ನಿಲ್ಲಿಸದೆ, ತಂದೆತಾಯಿಗಳು ಮಕ್ಕಳನ್ನು ಸರಿಯಾಗಿ ಬೆಳೆಸಲಿಲ್ಲವೆಂದೂ, ಆತ್ಮಗಳನ್ನು ಮರುಳುಗೊಳಿಸುವುದಕ್ಕೆ ಸೈತಾನನ ಸಾಧನವಾದ ಮೈಯು ಮೃಗಗಳ ಹಲ್ಲಿಗೆ ಒಪ್ಪಿಸಲ್ಪಡುವುದಕ್ಕೆ ತಕ್ಕುದಲ್ಲವೇ ಎಂದೂ ಅವರು ಕೇಳಿದರು. ಯಾರ ಮೈಯ ವಿಷಯವಾಗಿ ಈ ಮಾತು? ಹರಕು ಬಟ್ಟೆಯನ್ನು ಹೊದೆದು ಚಳಿಯಲ್ಲಿ ಪರರ ಹಸುವಿನ ಹಿಂದೆ ನಿಂತಿದ್ದ ಹದಿನಾಲ್ಕು ವರ್ಷದವಳ ಮೈ! ಸತ್ತವಳನ್ನು ಮೃಗವು ಒಂದು ಸಲ ಕೊಂದಿತು; ಈ ಪತ್ರವು ಮತ್ತೊಂದು ಸಲ ಕೊಂದಿತು.

ಕಠಿನವಾಗಿ ಬರೆದೆನೆಂದು ಯಾರೂ ಭಾವಿಸಬಾರದು. ಸಿಲೋವಾಮಿನ ಬುರುಜು ಬಿದ್ದು ಸತ್ತ ಹದಿನೆಂಟು ಮಂದಿಯು ಯೆರೂಸಲೇಮಿನ ಮಿಕ್ಕವರೆಲ್ಲರಿಗಿಂತ ಹೆಚ್ಚಿನ ಅಪರಾಧಿಗಳೋ ಎಂದು ಕೇಳಿ, ಅಲ್ಲವೆಂದು ತಾನೇ ಉತ್ತರವಿತ್ತವನ ಮಾತನ್ನು ನಾವು ಈ ಶಾಲೆಯ ಪ್ರಾರ್ಥನಾಮಂದಿರದಲ್ಲಿಯೇ ಓದಿರುವೆವು. ಅದೇ ಸುವಾರ್ತೆಯನ್ನು ಕೈಯಲ್ಲಿ ಹಿಡಿದಿದ್ದವರು ಅದನ್ನು ಮರೆತರೆಂಬುದೇ ನನ್ನ ವ್ಯಸನ. ಚಿತ್ರವು ಪಾದ್ರಿಯೊಬ್ಬನನ್ನು ಗುಪ್ತಮಂಡಲಿಯ ಮುಖಂಡನನ್ನಾಗಿ ಮಾಡಿದಾಗ ಮೊದಲು ನನಗೆ ಸಿಟ್ಟು ಬಂದಿತ್ತು. ಬಿಷಪರ ಪತ್ರದ ಸಂಗತಿಯನ್ನು ತಿಳಿದ ಮೇಲೆ ಆ ಸಿಟ್ಟು ಅರ್ಧಕ್ಕೆ ಇಳಿಯಿತು. ಆದರೂ ಬೆಟ್ಟದ ಬಡಪಾದ್ರಿಗಳನ್ನು ಮರೆಯಲಾಗದು. ಸತ್ತ ಮಕ್ಕಳ ಹೆಸರುಗಳು ನಮ್ಮವರೆಗೆ ಬಂದು ಮುಟ್ಟಿದ್ದು ಬಹುಮಟ್ಟಿಗೆ ಅವರ ದಫ್ತರಗಳಿಂದಲೇ.

ಈಗ ಚಿತ್ರದವರು ಬಿಟ್ಟ ಪಾಲಿಗೆ ಬರುವೆನು. ೧೭೬೫ನೆಯ ಜನವರಿ ೧೨ರಂದು ಏಳು ಮಕ್ಕಳು ದನ ಮೇಯಿಸುತ್ತಿದ್ದರು: ಐವರು ಹುಡುಗರು, ಇಬ್ಬರು ಹುಡುಗಿಯರು, ಎಲ್ಲರೂ ಎಂಟರಿಂದ ಹನ್ನೆರಡು ವರ್ಷದೊಳಗಿನವರು. ಮೃಗವು ಬಂದು ಸುತ್ತತೊಡಗಿತು. ಜಾಕ್ ಪೋರ್ತ್‌ಫೇ ಎಂಬ ಹನ್ನೆರಡು ವರ್ಷದವನು ಎಲ್ಲರನ್ನೂ ಒತ್ತಾಗಿ ನಿಲ್ಲಿಸಿ ಕೋಲುಗಳ ಅಲಗನ್ನು ಮುಂದೆ ಮಾಡಿಸಿದನು. ಮೃಗವು ಒಬ್ಬ ಸಣ್ಣವನನ್ನು ಕಚ್ಚಿ ಎಳೆದೊಯ್ದಾಗ, ಓಡಿಹೋಗೋಣವೆಂದವರ ಮಾತನ್ನು ಕೇಳದೆ ಬೆನ್ನಟ್ಟಿ, ಅದನ್ನು ಜೌಗಿನೊಳಕ್ಕೆ ನೂಕಿ ಬಿಡಿಸಿಕೊಂಡರು. ದೊರೆಯು ಪೋರ್ತ್‌ಫೇಗೆ ೩೦೦ ಲಿವ್ರುಗಳನ್ನೂ, ಮಿಕ್ಕವರೆಲ್ಲರೂ ಹಂಚಿಕೊಳ್ಳುವಂತೆ ೩೫೦ ಲಿವ್ರುಗಳನ್ನೂ ಕೊಡಿಸಿದನು. ಪೋರ್ತ್‌ಫೇಯನ್ನು ಸರ್ಕಾರದ ಖರ್ಚಿನಿಂದ ಓದಿಸಿ ಸೈನ್ಯದ ಅಧಿಕಾರಿಯನ್ನಾಗಿ ಮಾಡಿದರು. ಆ ಇಬ್ಬರು ಹುಡುಗಿಯರನ್ನು ಯಾರಾದರೂ ಓದಿಸಿದರೆಂದು ನಾನು ಎಲ್ಲಿಯೂ ಓದಿಲ್ಲ.

ಅದೇ ಮಾರ್ಚಿ ತಿಂಗಳ ೧೪ರಂದು ಜಾನ್ ಜೂವ್ ಎಂಬ ತಾಯಿಯು ತನ್ನ ಮನೆಯ ಮುಂದೆಯೇ ಮಕ್ಕಳ ಮೇಲೆ ಬಿದ್ದ ಮೃಗವನ್ನು ಬರಿಗೈಯಲ್ಲಿ ಹಿಡಿದಳು. ಅದು ಒಂದು ಮಗುವನ್ನು ಬಿಟ್ಟು ಇನ್ನೊಂದನ್ನು ಹಿಡಿಯುವುದು; ಅವಳು ಮತ್ತೆ ಅದರ ಮೇಲೆ ಬೀಳುವಳು. ದೊಡ್ಡ ಮಗನು ನಾಯಿಯೊಡನೆ ಓಡಿ ಬರುವವರೆಗೂ ಹೀಗೆಯೇ ನಡೆಯಿತು. ಆರು ವರ್ಷದ ಮಗನು ಗಾಯದಿಂದ ಕೆಲವು ದಿನಗಳಲ್ಲಿ ತೀರಿಕೊಂಡನು. ಅವಳಿಗೂ ೩೦೦ ಲಿವ್ರುಗಳು ದೊರೆತವು.

ಇನ್ನು ಮಾರೀ-ಜಾನ್ ವಾಲೆ. ಪೋಲಾಕ್ ಎಂಬ ಊರಿನ ಪಾದ್ರಿಯ ಮನೆಯಲ್ಲಿ ಊಳಿಗಕ್ಕಿದ್ದವಳು; ವಯಸ್ಸು ಸುಮಾರು ಇಪ್ಪತ್ತು. ೧೭೬೫ನೆಯ ಆಗಸ್ಟ್ ೧೧ರಂದು ತಂಗಿಯೊಡನೆ ಹೊಳೆಯೊಂದನ್ನು ದಾಟುತ್ತಿರುವಾಗ ಮೃಗವು ಎದುರಾಯಿತು. ಅವಳ ಕೈಯಲ್ಲಿ ತುದಿಗೆ ಬಾಯೊನೆಟ್ಟನ್ನು ಸಿಕ್ಕಿಸಿದ ಕೋಲೊಂದಿತ್ತು. ಅದು ಮೇಲೆ ನೆಗೆದಾಗ ಅವಳು ಹಿಂದೆ ಸರಿಯದೆ ಅದರ ಎದೆಗೆ ಇರಿದಳು. ಮೃಗವು ಕೂಗಿ, ಕಾಲನ್ನು ಗಾಯಕ್ಕೆ ಒಯ್ದು, ನೀರಿನಲ್ಲಿ ಬಿದ್ದು ಹೊರಳಿ ಓಡಿಹೋಯಿತು. ಆಂತ್ವಾನನು ಸುದ್ದಿ ತಿಳಿದು ಆ ಸ್ಥಳಕ್ಕೆ ಬಂದು ನೋಡಿದನು. ಅಲಗಿನ ಮೇಲೆ ಸುಮಾರು ಮೂರು ಅಂಗುಲದಷ್ಟು ರಕ್ತವು ಅಂಟಿತ್ತು. ಓರ್ಲಿಯಾನಿನ ಕನ್ಯೆ ಜೋನಳ ನೆನಪಿನಿಂದ ಅವಳಿಗೆ ಜೆವೊದಾನಿನ ಕನ್ಯೆ ಎಂಬ ಹೆಸರಾಯಿತು. ಇಪ್ಪತ್ತು ಸಾವಿರ ಗಂಡಸರೂ ಸಾವಿರದಿನ್ನೂರು ತೋಳಗಳ ಕೀರ್ತಿಯೂ ತಾಗಿಸಲಾರದ ಗಾಯವನ್ನು ಊಳಿಗದ ಹುಡುಗಿಯೊಬ್ಬಳು ತಾಗಿಸಿದಳು. ಓವೇರ್ ಗ್ರಾಮದಲ್ಲಿ ಕೋಲನ್ನು ಹಿಡಿದು ಮೃಗಕ್ಕೆ ಎದುರಾದ ಅವಳ ಪ್ರತಿಮೆಯಿದೆ. ಎರಡೂವರೆ ಗಂಟೆಗಳಿಗೆ ಸಮೀಪವಾದ ಆ ಫ್ರೆಂಚ್ ಚಿತ್ರದಲ್ಲಿ ಅವಳಿಗೆ ಒಂದು ನಿಮಿಷವೂ ಇಲ್ಲ. ಅವಳ ಕೋಲು ಮಾನಿಯ ಕೈಗೆ ಹೋಯಿತೆಂದು ನಾನು ತಮಾಷೆಗೆ ಹೇಳುವುದುಂಟು.

ಇಂತಹ ಬೇರೆ ಚಿತ್ರಗಳಲ್ಲಿಯೂ ಇದೇ ರೀತಿಯನ್ನು ಕಂಡಿದ್ದೇನೆ. ೧೯೯೬ರ ‘ದಿ ಘೋಸ್ಟ್ ಅಂಡ್ ದಿ ಡಾರ್ಕ್‌ನೆಸ್’ ಎಂಬುದು ೧೮೯೮ರಲ್ಲಿ ಆಫ್ರಿಕದ ತ್ಸಾವೊ ನದಿಗೆ ರೈಲಿನ ಸೇತುವೆಯನ್ನು ಕಟ್ಟುವಾಗ ಎರಡು ಸಿಂಹಗಳು ಕೂಲಿಗಳನ್ನು ತಿಂದ ನಿಜವಾದ ಸಂಗತಿ. ಸತ್ತವರಲ್ಲಿ ನಮ್ಮ ಹಿಂದೂಸ್ಥಾನದಿಂದ ಹೋದ ಕೂಲಿಗಳಿದ್ದರು. ಸಿಂಹಗಳನ್ನು ಕೊಂದವನು ಪ್ಯಾಟರ್ಸನ್ ಎಂಬ ಇಂಜಿನಿಯರು; ಅವನೊಬ್ಬನು ಸಾಲದೆಂದು ಚಿತ್ರದವರು ಇಲ್ಲದ ಅಮೇರಿಕನ್ ಬೇಟೆಗಾರನೊಬ್ಬನನ್ನೂ ಸೃಷ್ಟಿಸಿದರು. ಬೇಟೆಗಾರರು ಇಬ್ಬರಾದರು, ತಿನ್ನಲ್ಪಟ್ಟವರ ಹೆಸರುಗಳು ಹೆಚ್ಚಲಿಲ್ಲ.

ಕಳೆದ ಮಳೆಗಾಲದಲ್ಲಿ ಒಂದು ಸಂಜೆ ದೀಪಗಳೆಲ್ಲ ಆರಿಹೋದಾಗ, ಬೋರ್ಡಿಂಗ್ ಮನೆಯ ಹುಡುಗಿಯರಿಗೆ ಈ ಕಥೆಯನ್ನು, ಚಿತ್ರದ್ದನ್ನಲ್ಲ, ನಡೆದದ್ದನ್ನು ಹೇಳಿದೆನು. ಕತ್ತಲೆಯು ನನಗೆ ಗಾನ್ಸನಷ್ಟೇ ಸಹಾಯ ಮಾಡಿತು. ಜಾನ್ ಬೂಲೆಯ ಸಂಗತಿಯನ್ನು ಹೇಳಿ ಮುಗಿಸಿದೊಡನೆ ಬಯಲುಸೀಮೆಯ ಕುರಿಗಾಹಿ ಮನೆಯಿಂದ ಬಂದ, ಹೆಚ್ಚು ಮಾತನಾಡದ ಹುಡುಗಿಯೊಬ್ಬಳು ಕೇಳಿದಳು: “ಅಮ್ಮಾ, ಮರುದಿನ ಅವಳ ಊರಿನ ಮಿಕ್ಕ ಹುಡುಗಿಯರನ್ನು ಮತ್ತೆ ದನ ಕಾಯಲು ಕಳುಹಿಸಿದರೇ?”

ಕಳುಹಿಸಿದರು ಎಂದೆನು. ಕಳುಹಿಸದಿದ್ದರೆ ದನಗಳು ಸಾಯುತ್ತಿದ್ದವು. ದನಗಳು ಸತ್ತರೆ ಮನೆಯವರು ಸಾಯುತ್ತಿದ್ದರು. ಅವಳು ಮತ್ತೇನನ್ನೂ ಕೇಳಲಿಲ್ಲ. ಉತ್ತರವು ತನಗೆ ಗೊತ್ತಿದ್ದುದೇ ಎಂಬಂತೆ ತಲೆಯಾಡಿಸಿದಳು. ಪಟ್ಟಣದ ಹುಡುಗಿಯರು ಮೃಗವು ಎಷ್ಟು ದೊಡ್ಡದು, ಕಣ್ಣು ಹೊಳೆಯುತ್ತಿದ್ದವೇ, ಈಗಲೂ ಇರಬಹುದೇ ಎಂದು ಮುತ್ತಿಕೊಂಡರು. ಮಾರೀ-ಜಾನಳ ಸಂಗತಿಗೆ ಬಂದಾಗ ಮಾತ್ರ ಆ ಮಿತಭಾಷಿಯು ಎದ್ದು ಮೂಲೆಯಲ್ಲಿದ್ದ ಕಸಬರಿಗೆಯ ಉದ್ದನೆಯ ಹಿಡಿಯನ್ನು ತಂದಳು. ತಮ್ಮ ಕಡೆ ತೋಳವು ಕುರಿಗೆ ಬರುವುದೇ ಹೊರತು ಜನರಿಗೆ ಬರುವುದಿಲ್ಲವೆಂದು ಮೊದಲು ತಿಳಿಸಿ ಚಿಕ್ಕವರ ಹೆದರಿಕೆಯನ್ನು ಇಳಿಸಿದಳು. ಬಳಿಕ, ಕೋಲನ್ನು ಬೀಸಬಾರದು, ಎಸೆಯಲೂ ಬಾರದು, ಎಸೆದರೆ ಕೈಯಲ್ಲಿ ಏನೂ ಉಳಿಯುವುದಿಲ್ಲ ಎಂದು ಹೇಳಿ, ಹಿಂದಿನ ತುದಿಯನ್ನು ಕಂಕುಳಿಗೆ ಒತ್ತಿ, ಎಡಗಾಲನ್ನು ಮುಂದಿಟ್ಟು ನಿಂತು ತೋರಿಸಿದಳು. ದೀಪಗಳು ಬಂದ ಮೇಲೂ ಆ ಹಿಡಿಯು ಕೈಯಿಂದ ಕೈಗೆ ಹೋಗುತ್ತಿತ್ತು. ಊಟದ ಗಂಟೆಯಾದಾಗ ಇನ್ನೂ ಇಬ್ಬರ ಸರದಿಯು ಬಾಕಿಯಿದ್ದಿತು.